ಗೇಣುದ್ದದ ಟ್ಯಾಂಕಿಗೆ ಕೆಸರೇಕೆ?

ನಮ್ಮ ಓದುಗರಲ್ಲೊಬ್ಬರು ಒಂದು ಕಾಗದ ಬರೆದಿದ್ದಾರೆ. ಹತ್ತಿಗಿರಣಿಯ ಮಗ್ಗದ ಖಾತೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಗಿರಣಿಗೆ ಬೀಗ ಬಿದ್ದ ಮೇಲೆ ಮನೆ ಸೇರಿದವರು. ಅವರ ಎರಡನೆಯ ಮಗ ಪೇಟೆಯ ಬಣ್ಣದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಸಂಬಳ ಹೇಳಿಕೊಳ್ಳುವಷ್ಟಿಲ್ಲ. ಆದರೂ ಮೂರು ನಾಲ್ಕು ತಿಂಗಳಿಗೊಮ್ಮೆ ಒಂದು ಪೆಟ್ಟಿಗೆ ತರಿಸುತ್ತಾನೆ. ಅದರಲ್ಲಿ ಪ್ಲಾಸ್ಟಿಕ್ಕಿನ ನೂರಾರು ತುಂಡುಗಳು. ಅವನ್ನು ಅಂಟಿಸಿ ಯುದ್ಧದ ಟ್ಯಾಂಕು ಮಾಡುತ್ತಾನೆ. ಅಲ್ಲಿಗೆ ಮುಗಿಯಿತೆ ಎಂದರೆ ಇಲ್ಲ. ಚೆಂದವಾಗಿ ಬಣ್ಣ ಹಾಕಿದ ಮೇಲೆ ಅದೇ ಬಣ್ಣವನ್ನು ಕೆರೆಯುತ್ತಾನೆ, ತುಕ್ಕು ಹಿಡಿಸುತ್ತಾನೆ, ಕೆಸರು ಮೆತ್ತುತ್ತಾನೆ. ಹೊಸದನ್ನು ಹಳೆಯದು ಮಾಡುವುದಕ್ಕೆ ರಾತ್ರಿ ಎರಡು ಗಂಟೆಯವರೆಗೆ ದೀಪ ಉರಿಸುತ್ತಾನೆ. "ಯುದ್ಧ ಬೇಡ, ಶಾಂತಿ ಬೇಕು ಎಂದು ಬರೆಯುವ ಪತ್ರಿಕೆ ವಾರವಾರವೂ ಬರುವ ಮನೆ ಇದು. ಈ ಮನೆಯಲ್ಲಿ ಇಂಥ ಆಟ ಸರಿಯೆ? ಬಿಡಿಸಲೆ, ಬಿಡಲೆ?" ಎಂಬುದು ಅವರ ಪ್ರಶ್ನೆ.

ಎರಡು ಸಾಲಿನ ಉತ್ತರ ಬರೆದು ಮುಗಿಸೋಣವೆಂದು ನಾವು ಮೊದಲು ಯೋಚಿಸಿದ್ದುಂಟು. ಯುದ್ಧದ ಆಟಿಕೆ ಕೆಟ್ಟದ್ದು, ಮಗನಿಗೆ ಒಳ್ಳೆಯ ಪುಸ್ತಕ ಕೊಡಿಸಿರಿ, ಇತ್ಯಾದಿ. ಬರೆಯದೆ ಇದ್ದದ್ದೇ ಒಳ್ಳೆಯದಾಯಿತು. ಹೋದ ಭಾನುವಾರ ಅವರ ಮನೆಗೇ ಹೋಗಿ ಕುಳಿತು ನೋಡಿ ಬಂದೆವು. ನೋಡದೆ ತೀರ್ಪು ಹೇಳುವ ಚಾಳಿ ಮಂತ್ರಿಗಳಿಗಿರಲಿ, ನಮಗೆ ಬೇಡ.

ಅಟ್ಟದ ಕೆಳಗೆ ಒಂದು ಹಳೆಯ ಹೊಲಿಗೆಯಂತ್ರದ ಮೇಜು. ಅದರ ಮೇಲೆ ಒಂದು ಗೇಣಿಗಿಂತ ಕೊಂಚ ಕಡಿಮೆ ಉದ್ದದ ರಷ್ಯಾದ ಟಿ-34 ಟ್ಯಾಂಕು. ನಿಜವಾದ ಟ್ಯಾಂಕಿನ ಒಡಲು ಸುಮಾರು 6 ಮೀಟರ್ ಉದ್ದ. ಇದು ಅದರ 35ನೆಯ ಒಂದು ಪಾಲು. ಈ ಲೆಕ್ಕದಲ್ಲಿ ಒಬ್ಬ ಸಿಪಾಯಿಯ ಎತ್ತರ ಸುಮಾರು 5 ಸೆಂಟಿಮೀಟರ್, ನಮ್ಮ ಹೆಬ್ಬೆರಳಿನಷ್ಟು. ಈ 35ರ ಲೆಕ್ಕವನ್ನು ಯಾವ ಪಂಡಿತನು ಗೊತ್ತುಮಾಡಿದನೆಂದು ಕೇಳಿದೆವು. ಉತ್ತರ ಕೇಳಿ ನಗು ಬಂತು. ಜಪಾನಿನ ಶಿಝುವೋಕ ಪಟ್ಟಣದಲ್ಲಿ ಟಮಿಯಾ ಎಂಬ ಕಂಪನಿಯಿದೆ. 1946ರಲ್ಲಿ ಅದು ಶುರುವಾದದ್ದು ಮರ ಕೊಯ್ಯುವ ಮಿಲ್ಲಾಗಿ. 1951ರಲ್ಲಿ ಮರದ ದಾಸ್ತಾನಿಗೆ ಬೆಂಕಿ ಬಿದ್ದು ವ್ಯಾಪಾರ ಕುಸಿಯಿತು. ಅಲ್ಲಿಂದ ಮರದ ಆಟಿಕೆ ಮಾದರಿಗಳು, ಅಲ್ಲಿಂದ ಪ್ಲಾಸ್ಟಿಕ್ಕು. 1960ರ ದಶಕದ ಆರಂಭದಲ್ಲಿ ಜರ್ಮನರ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಾಗ ಒಳಗೆ ಒಂದು ಮೋಟಾರು, ಎರಡು ಬ್ಯಾಟರಿ ಸೆಲ್ಲು ಕೂರುವಷ್ಟು ಜಾಗ ಬೇಕಾಗಿತ್ತು. ಆ ಜಾಗಕ್ಕೆ ತಕ್ಕಂತೆ ಟ್ಯಾಂಕು ಮಾಡಿದರು. ಆಮೇಲೆ ಅಳೆದು ನೋಡಿದರೆ ಸುಮಾರು 35ನೆಯ ಒಂದು ಪಾಲು ಬಂದಿತ್ತು! ಇವತ್ತು ಜಗತ್ತಿನ ತುಂಬ ಟ್ಯಾಂಕಿನ ಮಾದರಿಗಳಿಗೆ ಅದೇ ಹೆಚ್ಚು ಬಳಕೆಯ ಅಳತೆ. ಸೆಲ್ಲಿನ ಗಾತ್ರದಿಂದ ಹುಟ್ಟಿದ ಶಾಸ್ತ್ರ. ಅಂಗಡಿಯ ಮಾಡಿನ ಅಳತೆ ನೋಡಿ ಕಪಾಟು ಮಾಡಿಸುವ ನಮ್ಮ ವರ್ತಕ ಮಿತ್ರರಿಗೆ ಇದು ವಿಚಿತ್ರವೆನಿಸಲಾರದು.

ಇರಲಿ, ಕೆಲಸದ ವಿಷಯಕ್ಕೆ ಬರೋಣ. ಹುಡುಗ ನಮಗೆ ಎಲ್ಲವನ್ನೂ ಮಾಡಿ ತೋರಿಸಿದ.

ಮೊದಲು ಪ್ರೈಮರ್. ಬಾಗಿಲಿಗಾದರೂ ಸರಿ, ಟ್ಯಾಂಕಿಗಾದರೂ ಸರಿ, ತಳದ ಲೇಪನವಿಲ್ಲದೆ ಬಣ್ಣ ನಿಲ್ಲದು. ಅದರ ಮೇಲೆ ತುಕ್ಕಿನ ಕಂದುಬಣ್ಣ. ಅದು ಒಣಗಿದ ಮೇಲೆ ಒಂದು ಸೋಜಿಗ ಮಾಡುತ್ತಾನೆ. ಹೆಂಗಸರು ಕೂದಲು ನಿಲ್ಲಲೆಂದು ಹೊಡೆದುಕೊಳ್ಳುವ ಹೇರ್‌ಸ್ಪ್ರೇಯನ್ನು ಟ್ಯಾಂಕಿನ ಮೈಮೇಲೆ ಹೊಡೆಯುತ್ತಾನೆ. ಅದರ ಮೇಲೆ ಹಸಿರು. ಈಗ ನೀರಿನಲ್ಲಿ ಅದ್ದಿದ ಕುಂಚದಿಂದ ಅಂಚುಗಳನ್ನು ಮೆಲ್ಲನೆ ತಿಕ್ಕಿದರೆ ನಡುವಿನ ಸ್ಪ್ರೇ ನೀರಿಗೆ ಕರಗಿ, ಹಸಿರು ಸಿಪ್ಪೆ ಸಿಪ್ಪೆಯಾಗಿ ಎದ್ದು, ಕೆಳಗಿನ ತುಕ್ಕು ಕಾಣಿಸುತ್ತದೆ. ನಿಜವಾದ ಕಬ್ಬಿಣದ ಮೇಲೆ ವರ್ಷಗಟ್ಟಲೆ ಹಿಡಿಯುವ ಕೆಲಸ ಐದು ನಿಮಿಷದಲ್ಲಿ ಆಗಿಹೋಗುತ್ತದೆ. ಕೆಲವರು ಸ್ಪ್ರೇಯ ಬದಲು ಅಡುಗೆಮನೆಯ ಉಪ್ಪಿನ ಹರಳನ್ನು ಒದ್ದೆ ಮಾಡಿ ಅಂಟಿಸಿ, ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಉಜ್ಜಿ ತೆಗೆಯುತ್ತಾರಂತೆ.

ಆಮೇಲೆ ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೀರ ತೆಳ್ಳಗೆ ಕಲಸಿ ಬೋಲ್ಟುಗಳ ಸುತ್ತ, ತಗಡಿನ ಸಂದುಗಳಲ್ಲಿ ಒಂದೊಂದು ತೊಟ್ಟು ಬಿಡುತ್ತಾನೆ. ಅದು ತಾನಾಗಿಯೇ ಸಂದಿನಲ್ಲಿ ಓಡಿ, ಅಲ್ಲಿ ಕೊಳೆ ಕುಳಿತಂತೆ ನಿಲ್ಲುತ್ತದೆ. ಅಂಚುಗಳಿಗೆ ಹರಿದ ಸ್ಪಂಜಿನ ಚೂರನ್ನು ಕಡುಕಂದಿನಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒಣಗಿಸಿ, ಮುಟ್ಟಿದೆವೋ ಇಲ್ಲವೋ ಎಂಬಂತೆ ತಾಗಿಸುತ್ತಾನೆ. ಸವೆದು ಹೊಳೆಯುವ ಕಬ್ಬಿಣ ಬೇಕಾದ ಕಡೆ ಶಾಲೆಯ ಮಕ್ಕಳ ಪೆನ್ಸಿಲಿನ ಸೀಸ. ಧೂಳಿಗೆ ಪುಡಿಬಣ್ಣ. ಕೆಸರಿಗೆ ಪ್ಲಾಸ್ಟರ್ ಪುಡಿ, ಮಣ್ಣು, ಅಂಟು.

ಮಣ್ಣೆಂದರೆ ಎಂಥ ಮಣ್ಣು? ಇಲ್ಲಿ ಅಳತೆಯ ಸೂಕ್ಷ್ಮವಿದೆ. ಮಾದರಿಯ ಮೇಲೆ ಒಂದು ಮಿಲಿಮೀಟರಿನ ಮರಳುಕಣ ಉಳಿದರೆ ನಿಜದ ಲೆಕ್ಕದಲ್ಲಿ ಅದು ಮೂರೂವರೆ ಸೆಂಟಿಮೀಟರಿನ ಜಲ್ಲಿ! ಉಗುರಗಲ ಬಣ್ಣ ಎದ್ದರೆ ನಿಜದಲ್ಲಿ ಅದು ಒಂದಡಿಗೂ ಮೀರಿದ ಗಾಯ. ಆದ್ದರಿಂದ ಮಣ್ಣನ್ನು ಮಲ್‌ಮಲ್ ಬಟ್ಟೆಯಲ್ಲಿ ಸೋಸಬೇಕು. ಗಾಯವನ್ನು ಸೂಜಿಮೊನೆಯಷ್ಟು ಮಾಡಬೇಕು. ಈ ಸೋಸುವ ಬಟ್ಟೆ ಒದಗಿಸಿದವರು ಯಾರೆಂದರೆ, ಕಾಗದ ಬರೆದ ನಮ್ಮ ಯಜಮಾನರೇ! ಮಗನ ಆಟ ಬೇಡವೆಂದರೂ ಬಟ್ಟೆಯ ಎಳೆ ಎಣಿಸಿ ಕೊಡುವುದನ್ನು ಅವರ ಕೈ ಮರೆತಿರಲಿಲ್ಲ.

ಇನ್ನೊಂದು ಪ್ರಸಂಗವೂ ನಡೆಯಿತು. ಟ್ಯಾಂಕಿನ ಪಕ್ಕಕ್ಕೆ ಕಟ್ಟಿದ ಒಂದು ಸಲಿಕೆ, ಕಡ್ಡಿಯಷ್ಟು ಉದ್ದ. ಹುಡುಗ ಅದರ ಹಿಡಿಯನ್ನು ಹಳೆಯ ಮರದಂತೆ ಬೂದುಬಣ್ಣಕ್ಕೆ ತಿರುಗಿಸಿದ್ದ. ದೂರ ಕುಳಿತಿದ್ದ ತಂದೆ ತಡೆಯಲಾರದೆ ಹೇಳಿದರು: "ಕೈ ಆಡೋ ಮರ ಹಂಗಿರಲ್ಲ ಕಣೋ. ಬಿಸಿಲಿಗೆ ಬಿದ್ದಿರೋ ಮರ ಬೆಳ್ಳಗಾಗುತ್ತೆ. ದಿನಾ ಹಿಡಿದಿದ್ದು ಕಪ್ಪಗೆ, ನುಣ್ಣಗೆ, ಎಣ್ಣೆ ಹಚ್ಚಿದಂಗೆ ಹೊಳೆಯುತ್ತೆ. ನಮ್ಮ ಲಾಳಿ ನೋಡಿಲ್ವಾ?" ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಪ್ಪ" ಎಂದು, ಹಿಡಿಯ ಎರಡು ಕಡೆ, ಕೈ ಹಿಡಿಯುವಲ್ಲಿ ಮಾತ್ರ, ಕಪ್ಪು ಕಂದು ಹಚ್ಚಿ ಸ್ವಲ್ಪ ಹೊಳಪು ಕೊಟ್ಟ. ಕಡ್ಡಿಯಂತಿದ್ದದ್ದು ಸಲಿಕೆಯಾಯಿತು!

ನಾವು ಈ ಲೇಖನ ಬರೆಯಲು ಕಾರಣ ಈ ಸಲಿಕೆಯ ಹಿಡಿ. ಈ ಕಸುಬಿನಲ್ಲಿ ಸತ್ಯ, ಸುಳ್ಳು ಎಂಬ ಎರಡು ಬಗೆಗಳಿವೆ ಎಂಬುದು ಅಲ್ಲಿ ಹೊಳೆಯಿತು. ಬಣ್ಣ ಸುಮ್ಮನೆ ಸವೆಯುವುದಿಲ್ಲ. ಯಾರೋ ಸವೆಸುತ್ತಾರೆ. ಟ್ಯಾಂಕಿನ ಮುಂಭಾಗದ ಮಡ್‌ಗಾರ್ಡಿನ ಮೇಲೆ ಬೂಟುಗಾಲಿಟ್ಟು ಹತ್ತುವವನಿದ್ದಾನೆ. ಮುಚ್ಚಳದ ಅಂಚು ಹಿಡಿದು ದಿನಕ್ಕೆ ಇಪ್ಪತ್ತು ಸಲ ಇಳಿದು ಏರುವವನಿದ್ದಾನೆ. ಇಂಧನದ ಡಬ್ಬಿ ಬಗ್ಗಿಸುವಾಗ ನಾಲ್ಕು ಹನಿ ಚೆಲ್ಲುವವನಿದ್ದಾನೆ; ಆ ಹನಿ ಧೂಳಿನ ಮೇಲೆ ಇಳಿದು ಗೆರೆಯಾಗುತ್ತದೆ. ಸೈಲೆನ್ಸರಿನ ತೆಳುತಗಡು ಕಾದು ಬಣ್ಣ ಸುಟ್ಟುಹೋಗಿ ಮೊದಲು ತುಕ್ಕು ಹಿಡಿಯುತ್ತದೆ. ಚೈನುಪಟ್ಟಿ ನೆಲಕ್ಕೆ ತಾಗುವ ಮೈಯಲ್ಲಿ ಹೊಳೆಯುತ್ತದೆ, ತಾಗದ ಮೈಯಲ್ಲಿ ಕಂದಾಗಿರುತ್ತದೆ. ನಮ್ಮ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆ ನೋಡಿರಿ. ಮಾಲೀಕ ಮೊಣಕೈ ಊರುವ ಜಾಗ ಒಂದು, ಗಿರಾಕಿ ನಾಣ್ಯ ತಳ್ಳುವ ಜಾಗ ಇನ್ನೊಂದು. ಎರಡರ ಸವೆತವೂ ಬೇರೆ. ಕಣ್ಣಿದ್ದವನು ಅಂಗಡಿ ಮುಚ್ಚಿದ್ದಾಗಲೂ ಅದನ್ನು ನೋಡಿ ವ್ಯಾಪಾರ ಹೇಗೆ ನಡೆಯುತ್ತದೆಂದು ಹೇಳಿಯಾನು.

ಹೀಗೆ ಸವೆತವನ್ನು ಓದುವುದು ಸಣ್ಣ ವಿದ್ಯೆಯಲ್ಲ. ಇದು ದುಡಿಮೆಯನ್ನು ಓದುವ ವಿದ್ಯೆ. ದುಡಿದವನ ಹೆಸರನ್ನು ಯಂತ್ರದ ಮೇಲೆ ಯಾರೂ ಕೆತ್ತುವುದಿಲ್ಲ. ಅವನು ಬಿಟ್ಟುಹೋಗುವ ರುಜು ಈ ಸವೆತವೊಂದೇ. ಅದನ್ನು ಕಾಣುವ ಕಣ್ಣು ಒಬ್ಬ ತರುಣನಿಗೆ ಟ್ಯಾಂಕಿನ ಮೂಲಕ ಬರುವುದಾದರೆ ಟ್ಯಾಂಕಿನ ಮೂಲಕವೇ ಬರಲಿ.

ಇನ್ನು ಸುಳ್ಳಿನ ಬಗೆ. ಅದು ಬಾಟಲಿಯಲ್ಲಿ ಬರುತ್ತದೆ.

ನಾವು ನಂಬಲಿಲ್ಲ, ಹುಡುಗ ತೋರಿಸಿದ. ಸ್ಪೇನ್ ದೇಶದಿಂದ ಬಂದ 35 ಮಿಲಿಲೀಟರಿನ ಸೀಸೆ. ಮೇಲೆ ಚೀಟಿ: ಕೆಸರು. ಇನ್ನೊಂದರ ಮೇಲೆ: ಒದ್ದೆ ಕೆಸರು. ಮತ್ತೊಂದು: ತುಕ್ಕಿನ ಗೆರೆ. ಮಗದೊಂದು: ಮಳೆಯ ಕಲೆ. ಯುರೋಪಿನ ಧೂಳು ಬೇರೆ, ಆಫ್ರಿಕಾದ ಧೂಳು ಬೇರೆ! ಇಂಥ ಒಂದೊಂದು ಸೀಸೆಯ ಬೆಲೆಯಲ್ಲಿ ನಮ್ಮಲ್ಲಿ ಒಬ್ಬನ ಊಟ ಮುಗಿದು ಚಿಲ್ಲರೆ ಉಳಿಯುತ್ತದೆ. ಮಣ್ಣು ಮಾರಿ ಬದುಕುವ ಕಾಲ ಬಂತಲ್ಲ ಎಂದು ನಾವು ನಕ್ಕೆವು. ಹುಡುಗನೂ ನಕ್ಕ. ಅವನು ಕೊಂಡದ್ದು ಅದೊಂದೇ ಸೀಸೆಯಂತೆ. ಆಮೇಲೆ ತನ್ನ ಅಂಗಡಿಯ ಡಿಸ್ಟೆಂಪರ್ ಪುಡಿ, ಕೆಮ್ಮಣ್ಣು, ಒಲೆಯ ಮಸಿ ಸಾಕಾಯಿತಂತೆ.

ವ್ಯಾಪಾರಕ್ಕೆ ನಮ್ಮ ಆಕ್ಷೇಪವಿಲ್ಲ. ಸ್ಪೇನಿನ ವ್ಯಾಲೆಹೊ ಕಂಪನಿ ವ್ಯಂಗ್ಯಚಿತ್ರದ ಸಿನಿಮಾಗಳಿಗೆ ಬಣ್ಣ ಮಾಡಿ ಹೊಟ್ಟೆ ಹೊರೆಯುತ್ತಿತ್ತು, ಆಮೇಲೆ ಮಾದರಿಗಾರರ ಬಣ್ಣಕ್ಕೆ ಇಳಿಯಿತು. ಅದೂ ಒಂದು ಉದ್ಯಮ. ಆದರೆ ಸೀಸೆಯಿದ್ದರೆ ಅದನ್ನು ಖರ್ಚು ಮಾಡಲೇಬೇಕೆಂಬ ಚಪಲ ಬರುತ್ತದೆ. ತುಕ್ಕಿನ ಸೀಸೆ ಕೊಂಡವನು ಎಲ್ಲ ಕಡೆಯೂ ತುಕ್ಕು ಹಿಡಿಸುತ್ತಾನೆ. ಮದ್ದಿನ ಅಂಗಡಿಯವನು ಕಾಯಿಲೆ ಕಂಡುಹಿಡಿದಂತೆ! ಹುಡುಗನ ಫೋನಿನಲ್ಲಿ ಪ್ರಪಂಚದ ಹೆಸರುವಾಸಿ ಮಾದರಿಗಾರರ ಟ್ಯಾಂಕುಗಳನ್ನು ನೋಡಿದೆವು. ಎಷ್ಟೋ ಟ್ಯಾಂಕುಗಳು ನೂರು ವರ್ಷ ಸಮುದ್ರದ ತಳದಲ್ಲಿ ಬಿದ್ದಿದ್ದಂತೆ ಕಂಡವು. ಎರಡನೆಯ ಮಹಾಯುದ್ಧದಲ್ಲಿ ಎಷ್ಟೋ ಟ್ಯಾಂಕುಗಳ ಆಯುಷ್ಯವೇ ಕೆಲವು ವಾರ, ಕೆಲವು ತಿಂಗಳು. ಬಣ್ಣ ಹಳೆಯದಾಗುವ ಮೊದಲೇ ಟ್ಯಾಂಕು ಮುಗಿಯುತ್ತಿತ್ತು, ಒಳಗಿನವರೂ ಮುಗಿಯುತ್ತಿದ್ದರು. ಅಂದಿನ ಫೋಟೋಗಳಲ್ಲಿ ತುಕ್ಕಿಗಿಂತ ಧೂಳು ಹೆಚ್ಚು. ತುಕ್ಕು ಹಿಡಿಯುವುದಕ್ಕೂ ಪುರುಸೊತ್ತು ಬೇಕು.

ಇದಕ್ಕೊಂದು ಸಮಾಧಾನವೂ ಇದೆ, ಹೇಳದಿದ್ದರೆ ಅನ್ಯಾಯವಾದೀತು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್, ಅವನ ಹಿಂದೆಯೇ ಬೆಲ್ಜಿಯಮ್ಮಿನ ಫ್ರಾನ್ಸ್ವಾ ವರ್ಲಿಂಡೆನ್ ಮೊದಲಾದವರು ಈ ಬಣ್ಣಗಾರಿಕೆಯನ್ನು ಮನೆಮನೆಗೆ ತಂದರು. ಕುಂಚವನ್ನು ಬಹುಪಾಲು ಒರೆಸಿ ಒಣಗಿಸಿ, ತಿಳಿಬಣ್ಣವನ್ನು ಉಬ್ಬುಗಳ ಮೇಲಷ್ಟೇ ಸವರುವ ಉಪಾಯ ಆಗ ಎಲ್ಲರ ಕೈಗೆ ಬಂತು. ಏಕೆ ಸವರಬೇಕು? ಗೇಣುದ್ದದ ವಸ್ತುವಿನ ಮೇಲೆ ಬೀಳುವ ಬೆಳಕು ಬಯಲಿನಲ್ಲಿ ನಿಂತ ಟ್ಯಾಂಕಿನ ಮೇಲೆ ಬೀಳುವ ಬಿಸಿಲಿನಂತೆ ನೆರಳು ಕೊಡುವುದಿಲ್ಲ. ಸ್ವಲ್ಪ ಮಿಗಿಲಾಗಿ ಹೇಳದಿದ್ದರೆ ಕಣ್ಣಿಗೆ ಕಾಣದು. ಗ್ಯಾಸ್‌ಲೈಟಿನ ಕಾಲದ ಕಂಪನಿ ನಾಟಕದವರು ಹುಬ್ಬಿಗೆ ಅಷ್ಟು ಮಸಿ ಹಚ್ಚುತ್ತಿದ್ದದ್ದೂ ಇದೇ ಕಾರಣಕ್ಕೆ. ಒಪ್ಪೋಣ. ಆದರೆ ಹುಬ್ಬಿಗೆ ಹಚ್ಚುವ ಮಸಿಯನ್ನು ಮುಖಕ್ಕೆಲ್ಲ ಹಚ್ಚಿದರೆ ಪಾತ್ರ ಗುರುತು ಸಿಗದು.

ಹುಡುಗನಿಗೆ ನಾವು ಕೇಳಿದ ಒಂದು ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಟ್ಯಾಂಕು ಓಡಿಸಿದವನ ಕಾಲಿನ ಗುರುತು ಮಾಡಿದ್ದೀಯೆ. ಟ್ಯಾಂಕು ಮಾಡಿದವನ ಕೈಗುರುತು ಎಲ್ಲಿ? ಸ್ವಲ್ಪ ಯೋಚಿಸಿ ಅವನೇ ಟಿ-34ರ ಗೋಪುರವನ್ನು ತೋರಿಸಿದ. ಎರಕ ಹೊಯ್ದ ಗೋಪುರದ ಮೈ ತರಿತರಿಯಾಗಿ ಕಾಣಲೆಂದು ಪುಟ್ಟಿಯನ್ನು ತೆಳ್ಳಗೆ ಹಚ್ಚಿ ಗಟ್ಟಿ ಕುಂಚದಿಂದ ಕುಟ್ಟಿದ್ದಾನೆ. ಬೆಸುಗೆಯ ಗೆರೆಗಳನ್ನು ಒರಟಾಗಿಯೇ ಉಳಿಸಿದ್ದಾನೆ. "ಪುಸ್ತಕದಲ್ಲಿ ಹಾಗಿದೆ, ಅದಕ್ಕೆ ಮಾಡಿದೆ" ಎಂದ. ಏಕೆ ಹಾಗಿದೆ ಎಂಬುದನ್ನು ನಾವು ಹೇಳಿದೆವು. ನಮ್ಮ ಓದುಗರಿಗೂ ಹೇಳಬೇಕು.

1941ರಲ್ಲಿ ಹಿಟ್ಲರನ ಸೈನ್ಯ ನುಗ್ಗಿ ಬಂದಾಗ ಸೋವಿಯತ್ ಒಕ್ಕೂಟದವರು ಕಾರ್ಖಾನೆಗಳನ್ನೇ ಕಿತ್ತು ರೈಲಿಗೇರಿಸಿದರು. ಖಾರ್ಕೊವ್‌ನ ರೈಲ್ವೆ ಎಂಜಿನ್ ಕಾರ್ಖಾನೆ ಉರಲ್ ಪರ್ವತದ ನಿಜ್ನಿ ತಗಿಲ್‌ಗೆ ಹೋಯಿತು. ಲೆನಿನ್‌ಗ್ರಾಡಿನ ಕಿರೊವ್ ಕಾರ್ಖಾನೆಯ ಯಂತ್ರಗಳು ಚೆಲ್ಯಾಬಿನ್ಸ್ಕ್ ಸೇರಿದವು. ಆ ಊರಿಗೆ ಟ್ಯಾಂಕೊಗ್ರಾದ್, ಅಂದರೆ ಟ್ಯಾಂಕಿನ ಊರು, ಎಂದೇ ಹೆಸರು ಬಿತ್ತು. ಗಂಡಸರು ಯುದ್ಧಭೂಮಿಗೆ ಹೋದ ಮೇಲೆ ಯಂತ್ರದ ಮುಂದೆ ನಿಂತವರಲ್ಲಿ ಹೆಂಗಸರೂ ಮೀಸೆ ಮೂಡದ ಹುಡುಗರೂ ಬಹುಸಂಖ್ಯೆಯಲ್ಲಿದ್ದರು. ಎರಕದ ತರಿಯನ್ನು ಉಜ್ಜಿ ನಯ ಮಾಡುತ್ತ ಕೂರಲು ಅವರಿಗೆ ಹೊತ್ತಿರಲಿಲ್ಲ. ಗುಂಡು ತಡೆದರೆ ಸಾಕು, ಅಂದಕ್ಕೇನು? 1942ರ ಆಗಸ್ಟಿನಲ್ಲಿ ಶತ್ರು ಸ್ಟಾಲಿನ್‌ಗ್ರಾಡಿನ ಟ್ರ್ಯಾಕ್ಟರ್ ಕಾರ್ಖಾನೆಯ ಸಮೀಪಕ್ಕೇ ಬಂದಾಗ, ಬಣ್ಣ ಬಳಿಯುವ ಮೊದಲೇ ಟ್ಯಾಂಕುಗಳು ಕಾರ್ಖಾನೆಯಿಂದ ನೇರವಾಗಿ ಕಾಳಗಕ್ಕೆ ಹೊರಟವೆಂಬ ಮಾತು ಇಂದಿಗೂ ಜನಜನಿತ. ಗೋಪುರದ ಆ ತರಿಯಲ್ಲಿ ಇದಿಷ್ಟೂ ಅಡಗಿದೆ. ಮಾದರಿಗಾರ ಅದನ್ನು ಕುಂಚದಿಂದ ಕುಟ್ಟುವಾಗ ಆ ಹೆಂಗಸರ ನೆನಪಾಗದಿದ್ದರೆ ಅವನ ಕೈ ಗೆದ್ದಿದೆ, ತಲೆ ಗೆದ್ದಿಲ್ಲ.

ಇನ್ನು ಜರ್ಮನರ ಕಡೆ ನೋಡಿ. ಅವರ ಟ್ಯಾಂಕುಗಳ ಮೈಮೇಲೆ 1943ರ ಕೊನೆಯ ತಿಂಗಳುಗಳಿಂದ 1944ರ ಸೆಪ್ಟೆಂಬರಿನವರೆಗೆ ಸಿಮ್ಮರಿಟ್ ಎಂಬ ಗಾರೆಯಂಥ ಲೇಪ ಬಳಿಯುತ್ತಿದ್ದರು. ಅಯಸ್ಕಾಂತದ ಸಿಡಿಗುಂಡು ಅಂಟದಿರಲಿ ಎಂದು. ಅದನ್ನು ಕೈಯಿಂದ ಬಳಿದು, ಹಸಿಯಿರುವಾಗಲೇ ಗೆರೆ ಗೆರೆಯಾಗಿ ಒತ್ತಬೇಕು. ಮಾದರಿಗಾರರು ಈ ಗೆರೆಗಳನ್ನು ಪುಟ್ಟಿಯಲ್ಲಿ ಒಂದೊಂದಾಗಿ ಒತ್ತಲು ವಾರಗಟ್ಟಲೆ ಕಣ್ಣು ಕಳೆದುಕೊಳ್ಳುತ್ತಾರೆ. ಬಹಳ ಸಂತೋಷ. ಆದರೆ ಆ ಟ್ಯಾಂಕುಗಳನ್ನು ಮಾಡಿದ ಕಾರ್ಖಾನೆಗಳಲ್ಲಿ ದುಡಿದವರು ಯಾರು? ಟೈಗರ್ ಟ್ಯಾಂಕು ಮಾಡಿದ ಕಾಸೆಲ್ ಊರಿನ ಹೆನ್ಶೆಲ್ ಕಾರ್ಖಾನೆಯಲ್ಲಿ ಪರದೇಶಗಳಿಂದ ಹಿಡಿದು ತಂದ ಬಿಟ್ಟಿಯಾಳುಗಳಿದ್ದರು. ಆಸ್ಟ್ರಿಯಾದ ಸಾಂಕ್ಟ್ ವ್ಯಾಲೆಂಟಿನ್‌ನ ನೀಬೆಲುಂಗೆನ್ ಕಾರ್ಖಾನೆಗೆ 1944ರಲ್ಲಿ ಮೌಟ್‌ಹೌಸೆನ್ ಯಾತನಾ ಶಿಬಿರದ ಕೈದಿಗಳನ್ನು ದುಡಿಸಲು ತಂದರು. ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರದಲ್ಲಿ ಇವರಾರೂ ಇಲ್ಲ. ಮಾದರಿಗಾರರ ಲೋಕದಲ್ಲಿ ಆ ಟೈಗರ್‌ಗೇ ಪಟ್ಟದಾನೆಯ ಮರ್ಯಾದೆ! ಯುದ್ಧದಲ್ಲಿ ಅದು ತಯಾರಾದದ್ದು 1,300ಕ್ಕಿಂತ ಸ್ವಲ್ಪ ಹೆಚ್ಚು. ಟಿ-34 ಯುದ್ಧಕಾಲದಲ್ಲೇ 50,000ಕ್ಕೂ ಮೀರಿತ್ತು. ಅಂಗಡಿಯ ಕಪಾಟಿನಲ್ಲಿ ನೋಡಿದರೆ ಲೆಕ್ಕ ತಲೆಕೆಳಗು. ಸೋತವನ ಠೀವಿಗೆ ಮಾರುಹೋಗುವ ಈ ಚಟ ನಮಗೆ ಹಿಡಿಸದು. ನಾಜಿ ಚಿಹ್ನೆಯನ್ನು ಸಾಲಂಕೃತವಾಗಿ ಕಪಾಟಿನಲ್ಲಿಡುವ ಮನೆಯಲ್ಲಿ ಆ ಚಿಹ್ನೆ ಏನು ಮಾಡಿತೆಂದು ಮಕ್ಕಳಿಗೆ ಹೇಳುವವರಿರಬೇಕು. ಇಲ್ಲವಾದರೆ ಇಡಬಾರದು.

ಜರ್ಮನರ ಬಣ್ಣದ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. 1943ರ ಫೆಬ್ರವರಿಯಿಂದ ಅವರ ಟ್ಯಾಂಕುಗಳು ಕಾರ್ಖಾನೆಯಿಂದ ಹೊರಬರುತ್ತಿದ್ದದ್ದು ಮಂಕು ಹಳದಿ ಬಣ್ಣದಲ್ಲಿ. ಮೇಲೆ ಹಚ್ಚಲು ಹಸಿರು, ಕೆಂಗಂದು ಬಣ್ಣಗಳ ಗಟ್ಟಿ ಲೇಪವನ್ನು ಡಬ್ಬಿಗಳಲ್ಲಿ ಸಿಪಾಯಿಗಳಿಗೇ ಕೊಡುತ್ತಿದ್ದರು. ನೀರು ಸಿಕ್ಕರೆ ನೀರು, ಪೆಟ್ರೋಲ್ ಸಿಕ್ಕರೆ ಪೆಟ್ರೋಲ್ ಹಾಕಿ ಕಲಸಿ, ಪಿಚಕಾರಿಯಿಂದಲೋ ಕುಂಚದಿಂದಲೋ ಬಳಿಯಬೇಕು. ಎಷ್ಟು ತೆಳ್ಳಗೆ ಕಲಸಿದರೋ ಅಷ್ಟು ಬೇರೆ ಬಣ್ಣ. ಆದ್ದರಿಂದ ಒಂದರಂತೆ ಇನ್ನೊಂದಿರಲಿಲ್ಲ. "ಸರಿಯಾದ ಹಸಿರು ಯಾವುದು?" ಎಂದು ಮಾದರಿಗಾರರು ಇಂದಿಗೂ ಜಗಳವಾಡುತ್ತಾರಂತೆ. ಬಣ್ಣದ ಅಂಗಡಿಯಲ್ಲಿ ದಿನವೂ ತಿನ್ನರ್ ಅಳೆದು ಕೊಡುವ ನಮ್ಮ ಹುಡುಗನಿಗೆ ಆ ಜಗಳ ಅರ್ಥವಿಲ್ಲದ್ದೆಂದು ಚೆನ್ನಾಗಿ ಗೊತ್ತು. ರಷ್ಯನ್ನರು ಚಳಿಗಾಲದಲ್ಲಿ ಹಿಮಕ್ಕೆ ಹೊಂದಲೆಂದು ಟ್ಯಾಂಕಿಗೆ ಬಿಳಿ ಬಳಿಯುತ್ತಿದ್ದರು. ನಾವು ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದಂತೆ! ಕಾಲು ತಾಗಿದಲ್ಲಿ ಅದು ಉದುರಿ, ಮಳೆಗೆ ಇಳಿದು, ಹಸಿರು ಇಣುಕುತ್ತಿತ್ತು. ಸುಣ್ಣ ಹೇಗೆ ಉದುರುತ್ತದೆಂಬುದನ್ನು ಸೀಸೆ ಕೊಂಡು ಕಲಿಯಬೇಕೆ? ಹಿತ್ತಿಲ ಗೋಡೆ ನೋಡಿದರಾಯಿತು.

ನಮ್ಮ ದೇಶದ ಟ್ಯಾಂಕನ್ನು ಏಕೆ ಮಾಡಬಾರದೆಂದು ಕೇಳಿದೆವು. ಅವನ ಮನಸ್ಸಿನಲ್ಲಿಯೂ ಅದೇ ಇದೆ. ಪಂಜಾಬಿನ ಅಸಲ್ ಉತ್ತರ್ ಗ್ರಾಮದ ಬಳಿ 1965ರ ಸೆಪ್ಟೆಂಬರಿನಲ್ಲಿ ನಡೆದ ಕಾಳಗ. ನೀರು ಬಿಟ್ಟು ತೊಯ್ಯಿಸಿದ ಕಬ್ಬಿನ ಗದ್ದೆಗಳಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಹೂತುಹೋದವು. ಆ ಟ್ಯಾಂಕುಗಳೆದುರು ಜೀಪಿನ ಮೇಲಿನ ತೋಪಿನೊಡನೆ ನಿಂತು 10ನೆಯ ತಾರೀಖು ಪ್ರಾಣ ಕೊಟ್ಟ ಅಬ್ದುಲ್ ಹಮೀದ್ ದರ್ಜಿಗಳ ಮನೆಯ ಮಗ. ಅಲ್ಲಿ ಕೆಸರು ಅಲಂಕಾರವಲ್ಲ, ಕೆಸರೇ ಕಥೆ. ಆ ಗದ್ದೆಯ ಕೆಸರು ಹೇಗಿರಬೇಕು? ಒಣಗಿ ಬಿರಿದದ್ದಲ್ಲ. ಒದ್ದೆ, ಕಪ್ಪು, ಕಬ್ಬಿನ ರವದಿ ಸಿಕ್ಕಿಕೊಂಡದ್ದು, ಚೈನಿನ ಮೇಲಿನವರೆಗೂ ತುಂಬಿಕೊಂಡದ್ದು. ಇದಕ್ಕೆ ಸ್ಪೇನಿನ ಸೀಸೆ ಸಾಲದು. ಕಬ್ಬಿನ ಗದ್ದೆಯಲ್ಲಿ ಗಾಡಿ ಹೂತದ್ದನ್ನು ನೋಡಿದವನೇ ಬೇಕು.

ಆ ಯುದ್ಧದಲ್ಲಿ ಗೆದ್ದು ತಂದ ಪ್ಯಾಟನ್‌ಗಳನ್ನು ದೇಶದ ಹಲವು ಊರುಗಳಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಹೊರರಾಜ್ಯದ ಒಂದು ಊರಿನಲ್ಲಿ ನಾವು ಕಂಡದ್ದಕ್ಕೆ ಹೊಳೆಯುವ ಹಸಿರು ಎನಾಮೆಲ್ ಬಳಿದಿದ್ದರು. ಪದರದ ಮೇಲೆ ಪದರ, ಬೋಲ್ಟುಗಳೂ ಮುಚ್ಚಿಹೋಗಿವೆ. ಗುಂಡು ತಾಗಿದ ಕುರುಹೊಂದಿದ್ದರೆ ಅದೂ ಮುಚ್ಚಿಹೋಗಿದೆ. ನಿಜವಾದ ಟ್ಯಾಂಕು ಆಟಿಕೆಯಾಗಿದೆ! ಇತ್ತ ಅಟ್ಟದ ಕೆಳಗೆ ಒಬ್ಬ ಹುಡುಗ ಆಟಿಕೆಯನ್ನು ನಿಜ ಮಾಡಲು ಕಣ್ಣು ಸೋಲಿಸಿಕೊಳ್ಳುತ್ತಿದ್ದಾನೆ.

ಪ್ರಸಂಗವಶಾತ್ ಇನ್ನೊಂದು ಮಾತು. ನಮ್ಮಲ್ಲಿ ಟ್ಯಾಂಕು ಮಾಡುವವರು ಮದರಾಸಿನ ಬಳಿಯ ಆವಡಿಯ ಕಾರ್ಖಾನೆಯ ಕಾರ್ಮಿಕರು. ಕೆಟ್ಟುನಿಂತ ಟ್ಯಾಂಕನ್ನು ಎಳೆದು ತರುವ ವಾಹನ ಮಾಡಿದವರು ನಮ್ಮ ಕೋಲಾರ ಚಿನ್ನದ ಗಣಿಯ ಬಿ.ಇ.ಎಂ.ಎಲ್. ಕಾರ್ಮಿಕರು. 1965ರಲ್ಲಿ ವಿಜಯಂತ ಟ್ಯಾಂಕನ್ನು ಹೊರತಂದ ಆವಡಿಯೂ ಸೇರಿ ಸರಕಾರಿ ಶಸ್ತ್ರ ಕಾರ್ಖಾನೆಗಳನ್ನು 2021ರಲ್ಲಿ ಕಂಪನಿಗಳಾಗಿ ಒಡೆದರು. ಮುಷ್ಕರ ಹೂಡದಂತೆ ತಡೆಯಲು ಅದೇ ವರ್ಷ ಕಾಯಿದೆಯನ್ನೂ ತಂದರು. ವಿಜಯಂತದ ಮಾದರಿಗೆ ಬಣ್ಣ ಬಳಿಯುವವನು ಇದನ್ನೂ ತಿಳಿದಿರಲಿ.

ಈಗ ತಂದೆ ಮಗನ ನಡುವಿನ ನಿಜವಾದ ಜಗಳಕ್ಕೆ ಬರುತ್ತೇವೆ. ಅದು ಕಾಗದದಲ್ಲಿರಲಿಲ್ಲ. ಮನೆಗೆ ಹೋದ ಮೇಲೆ ತಿಳಿಯಿತು.

ಹುಡುಗನ ಅತ್ಯುತ್ತಮ ಕೆಲಸ ಒಂದು ಸುಟ್ಟ ಟ್ಯಾಂಕು. ಬೆಂಕಿಗೆ ಸಿಕ್ಕ ಟ್ಯಾಂಕಿನ ಬಣ್ಣ ಹಾರಿಹೋಗಿ ಬರಿಯ ಕಬ್ಬಿಣ ಕೆಲವೇ ದಿನಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಚಕ್ರದ ರಬ್ಬರು ಉರಿದು ಬಿಳಿ ಬೂದಿ ಉಳಿಯುತ್ತದೆ. ಮುಚ್ಚಳದ ಬಾಯಲ್ಲಿ ಕರಿ ಮಸಿ. ಕಿತ್ತಳೆ, ಕಂದು, ನೇರಳೆ, ಬೂದಿ, ಎಂಥ ಬಣ್ಣಗಳು! ಮಾದರಿಗಾರರು ಇದಕ್ಕೆ ಪ್ರಾಣ ಬಿಡುತ್ತಾರೆ. ನಮ್ಮ ಹುಡುಗನೂ ಅದ್ಭುತವಾಗಿ ಮಾಡಿದ್ದಾನೆ, ಸುಳ್ಳು ಹೇಳಬಾರದು. ತಂದೆ ಅದನ್ನು ಕೈಯಲ್ಲಿ ಹಿಡಿಯಲೊಲ್ಲರು. "ಇದ್ರೊಳಗೆ ಎಷ್ಟು ಜನ ಇರ್ತಾರೆ?" ಎಂದು ಕೇಳಿದರಂತೆ. "ನಾಲ್ಕು ಜನ" ಎಂದನಂತೆ ಮಗ. "ಅವರು ಹೊರಗೆ ಬಂದ್ರಾ?" ಎಂದು ಕೇಳಿದರಂತೆ. ಅಂದಿನಿಂದ ಇಬ್ಬರಿಗೂ ಮಾತು ಕಡಿಮೆ.

ನಾವು ಆ ಟ್ಯಾಂಕನ್ನು ಬಹಳ ಹೊತ್ತು ನೋಡಿದೆವು. ಮುಚ್ಚಳಗಳೆಲ್ಲ ಮುಚ್ಚಿದ್ದವು. ಹುಡುಗನಿಗೆ ಅದು ಬರಿಯ ಬಣ್ಣದ ಪ್ರಶ್ನೆಯಾಗಿತ್ತು. ತಂದೆಯ ಪ್ರಶ್ನೆ ಕೇಳಿದ ಮೇಲೆ ಹಾಗಿಲ್ಲ, ಈಗ ತನಗೂ ಅದನ್ನು ನೋಡಲು ಕಷ್ಟವೆಂದು ಅವನೇ ಹೇಳಿದ. ಎರಡು ಮುಚ್ಚಳ ತೆರೆದು ಮಾಡಿದ್ದರೆ ಇಬ್ಬರಾದರೂ ಹೊರಬಂದರೆಂದು ಆಗುತ್ತಿತ್ತಲ್ಲ ಎಂದು ಯೋಚಿಸಿದ್ದಾನಂತೆ. ತೆರೆಯುವುದು ಸುಲಭ, ಅಂಟು ಕಿತ್ತರಾಯಿತು. ಆದರೆ ಅದು ನಿಜವೆ, ನಮ್ಮ ಸಮಾಧಾನವೆ ಎಂದು ಅವನು ಕೇಳಿದ. ನಾವು ಉತ್ತರ ಹೇಳಲಾರದೆ ಹೋದೆವು.

ಕಾಗದಕ್ಕೆ ನಮ್ಮ ಉತ್ತರ ಇದು. ಯಜಮಾನರೆ, ಬಿಡಿಸಬೇಡಿರಿ. ಯುದ್ಧವನ್ನು ಹೊಗಳುವವರು ಯುದ್ಧವನ್ನು ಯಾವಾಗಲೂ ಹೊಚ್ಚಹೊಸದಾಗಿ, ಮೆರವಣಿಗೆಯ ಹೊಳಪಿನಲ್ಲಿ ತೋರಿಸುತ್ತಾರೆ. ನಿಮ್ಮ ಮಗ ಅದರ ಮೇಲೆ ಕೆಸರನ್ನು, ಬೂಟಿನ ಗುರುತನ್ನು, ಬೂದಿಯನ್ನು ಇಡುತ್ತಿದ್ದಾನೆ. ನೀವು ಕೇಳಿದ ಪ್ರಶ್ನೆಯನ್ನು ಕೇಳುತ್ತಲೇ ಇರಿ. ಸಲಿಕೆಯ ಹಿಡಿ ತಿದ್ದಿದಂತೆ ತಿದ್ದುತ್ತಲೂ ಇರಿ. ಬಿಡಿಸಿದರೆ ಅವನು ಅಟ್ಟದ ಮೇಲೆ ಹೋಗಿ ಮಾಡುತ್ತಾನೆ, ಆಗ ಕೇಳುವವರೂ ಇರುವುದಿಲ್ಲ.

ಮಗನಿಗೆ ಒಂದು ಮಾತು ಖಂಡಿತವಾಗಿ ಹೇಳಿ ಬಂದಿದ್ದೇವೆ, ಇಲ್ಲಿಯೂ ಬರೆಯುತ್ತೇವೆ. ಆ ಅಟ್ಟದ ಕೆಳಗಿನ ಜಾಗಕ್ಕೆ ಒಂದೇ ಕಿಟಕಿ, ಅದೂ ಸೊಳ್ಳೆಯೆಂದು ಮುಚ್ಚಿದೆ. ಅಲ್ಲಿ ಕುಳಿತು ಏರ್‌ಬ್ರಷ್ಷಿನಿಂದ ತಿನ್ನರ್ ಬೆರೆತ ಬಣ್ಣ ಹೊಡೆಯುತ್ತಾನೆ, ಪುಡಿಬಣ್ಣ ಊದುತ್ತಾನೆ, ರೆಸಿನ್ ತುಂಡುಗಳನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಾನೆ. ಮೂಗಿಗೆ ಒಂದು ಕರವಸ್ತ್ರ. ಗೋಡೆಯ ಆಚೆ ಅವನ ತಂದೆ ಕೆಮ್ಮುತ್ತಿರುತ್ತಾರೆ. ಹತ್ತಿಯ ದೂಳು ಎದೆ ಸೇರಿ ಬಂದ ಕೆಮ್ಮು ಅದು. ವಾರದ ರಜೆ ಮುಗಿಸಿ ಪಾಳಿಗೆ ಹೋದ ಮೊದಲ ದಿನ ಎದೆ ಬಿಗಿಯುತ್ತಿದ್ದದ್ದು ಆಗ ಯಾರಿಗೂ ಕಾಯಿಲೆಯೆಂದು ಹೊಳೆಯಲಿಲ್ಲ, ಗಿರಣಿಯವರು ಹೇಳಲಿಲ್ಲ. ಟ್ಯಾಂಕಿನ ಮೇಲಿನ ದೂಳು ಸುಳ್ಳಿನದು, ಎದೆಗಿಳಿಯುವ ದೂಳು ನಿಜದ್ದು. ಮುಂದಿನ ಪೆಟ್ಟಿಗೆ ತರಿಸುವ ದುಡ್ಡಿನಲ್ಲಿ ಡಬ್ಬಿ ಹಾಕುವಂಥ ಸರಿಯಾದ ಮಾಸ್ಕೊಂದನ್ನು ಕೊಳ್ಳಬೇಕು, ಗಾಳಿ ಹೊರಗೆ ಎಳೆಯುವ ಒಂದು ಸಣ್ಣ ಫ್ಯಾನು ಹಾಕಿಸಬೇಕು, ಉಜ್ಜುವುದಿದ್ದರೆ ನೀರು ಹಾಕಿ ಉಜ್ಜಬೇಕು. ಅಲ್ಲಿಯವರೆಗೆ ಅಸಲ್ ಉತ್ತರದ ಪ್ಯಾಟನ್ ಕಾಯಲಿ.

ಹುಡುಗ ಒಪ್ಪಿದ್ದಾನೆ. ಕಿಟಕಿಯನ್ನು ನಾವಿದ್ದಾಗಲೇ ತೆರೆದ. ಸುಟ್ಟ ಟ್ಯಾಂಕಿನ ಮುಚ್ಚಳ ಮಾತ್ರ ಇನ್ನೂ ಮುಚ್ಚಿಯೇ ಇದೆ.